ಆರಾದ ಮೇಲೆ ಮತ್ತೊಂದು

"ಏಳು!" ಎಂದು ನಾಗಲಿಂಗಯ್ಯ ಕೂಗಿದ್ದೇ ತಡ, ಜುಂಜಪ್ಪ ದಡಕ್ಕನೆ ಎದ್ದು ನಿಂತುಬಿಟ್ಟ.

ಜಯಮಂಗಲಿ ಹೊಳೆಯ ಒಣ ಮರಳಿನ ಮೇಲೆ ಬಿದಿರಿನ ತೆಪ್ಪ ಕೂತಿತ್ತು. ಅದರ ಅಡಿಗೆ ಕಟ್ಟಿದ್ದ ಲಾರಿ ಟ್ಯೂಬುಗಳು ಬಿಸಿಲಿಗೆ ಉಬ್ಬಿ ಎಮ್ಮೆಯ ಬೆನ್ನಿನಂತೆ ಮಿನುಗುತ್ತಿದ್ದವು. ಮೇಲೆ ಎರಡು ಸಾಲಾಗಿ ಕೂತ ಎಂಟು ಮಂದಿ ಹಲಗೆಯ ಹುಟ್ಟುಗಳಿಂದ ಬರೀ ಮರಳನ್ನು ಗೋರುತ್ತಿದ್ದರು. ಅವರಲ್ಲಿ ಒಬ್ಬನೂ ಅದುವರೆಗೆ ತೆಪ್ಪ ಹತ್ತಿದವನಲ್ಲ. ಜುಂಜಪ್ಪ ನೆಟ್ಟಗೆ ನಿಂತದ್ದನ್ನು ನೋಡಿ ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏಳನೇ ನಂಬರು ಹುಟ್ಟು ಹಾಕ್ಲಾ ಅಂದ್ರೆ ಎದ್ದು ನಿಂತ್ಕತೀಯಲ್ಲೋ! ಸಲಾಂ ಹೊಡೆಯಕ್ಕೆ ಯಾವ ಸಾಹೇಬ ಬಂದವ್ನೆ?" ಎಂದ ನಾಗಲಿಂಗಯ್ಯ.

ದಡದ ಹೊಂಗೆಮರದ ನೆರಳಿನಲ್ಲಿ ಜುಂಜಪ್ಪನ ಅಕ್ಕ ಕ್ಯಾತಮ್ಮ ಬುತ್ತಿಗಂಟು ಇಟ್ಟುಕೊಂಡು ಕೂತಿದ್ದಳು. ಅವಳಿಗೆ ನಗು ಬರಲಿಲ್ಲ.

ನಾಗಲಿಂಗಯ್ಯ ಮಧುಗಿರಿಯ ಯುವಕ ಸಂಘದ ಕಾರ್ಯದರ್ಶಿ. ಹೋದ ವರ್ಷ ಹೃಷೀಕೇಶದ ಸಾಹಸ ಶಿಬಿರಕ್ಕೆ ಹೋಗಿ, ಗಂಗೆಯ ನೊರೆನೀರಿನಲ್ಲಿ ರಬ್ಬರು ದೋಣಿಯಲ್ಲಿ ತೇಲಿ ಬಂದಿದ್ದ. ಬಂದಾಗಿನಿಂದ, ಆ ನೊರೆನೀರಿಗೆ ಬೆಳ್ನೀರು ಎನ್ನುತ್ತ, ಒಂದೇ ಜಪ. ಮಳೆಗಾಲದಲ್ಲಿ ಜಯಮಂಗಲಿ ತುಂಬಿ ಬಂದಾಗ ಕೊರಟಗೆರೆ ಕಡೆಯ ಸೇತುವೆಯಿಂದ ಕೆಳಗಿನ ಹಳೇ ಮಂಟಪದವರೆಗೆ ಹುಡುಗರನ್ನು ಗುಂಪುಗುಂಪಾಗಿ ತೇಲಿಸಬೇಕು. ಈ ಗುಂಪು ದಡ ಮುಟ್ಟಿದರೆ ಬರುವ ವರ್ಷ ಸಿರಾದವರೂ ಪಾವಗಡದವರೂ ತಾವಾಗಿಯೇ ಬರುತ್ತಾರೆ. ಆಸಾಮಿ ಅಜಾಗರೂಕನೇನಲ್ಲ. ಮುಳುಗದಂತೆ ಸೊಂಟಕ್ಕೆ ಕಟ್ಟಿಕೊಳ್ಳಲು ಒಣ ಸೋರೆಬುರುಡೆ ತರಿಸಿದ್ದ. ನಡುವೆ ಸಿಗುವ ಎಮ್ಮೆಬಂಡೆಯ ಸಂದಿಯಲ್ಲಿ ಹಗ್ಗ ಹಿಡಿದು ನಿಲ್ಲಲು ಜನ ಗೊತ್ತುಮಾಡಿದ್ದ. ಎಡ ಬಲ ಎಂದರೆ ಹುಡುಗರು ಗಲಿಬಿಲಿಗೊಳ್ಳುತ್ತಿದ್ದರೆಂದು ಒಬ್ಬೊಬ್ಬನಿಗೆ ಒಂದೊಂದು ನಂಬರು ಕೊಟ್ಟಿದ್ದ. ಯಾರ ನಂಬರು ಕೂಗುತ್ತಾನೋ ಅವನು ಹುಟ್ಟು ಹಾಕಬೇಕು. ಏನೇ ಆಗಲಿ, ಕೂತಲ್ಲಿಂದ ಏಳಬಾರದು. ಅದೇ ಮೊದಲ ಪಾಠ.

ಆದರೆ ಜುಂಜಪ್ಪನ ಹಟ್ಟಿಯಲ್ಲಿ ಆರಾದ ಮೇಲಿನ ಆ ಅಂಕಿಯನ್ನು ಬಾಯಿಬಿಟ್ಟು ಎಣಿಸುವ ಪದ್ಧತಿಯೇ ಇರಲಿಲ್ಲ. ರಾಗಿ ಅಳೆಯಲಿ, ಕುರಿ ಎಣಿಸಲಿ, ಮೊದಲನೆಯದು ಲಾಭ, ಆಮೇಲೆ ಎರಡು, ಮೂರು. ಆರಾದ ಮೇಲೆ ಮತ್ತೊಂದು, ಅದಾದ ಮೇಲೆ ಎಂಟು. ಯಾಕೆ ಹಾಗೆ ಎಂಬುದಕ್ಕೆ ಅಜ್ಜಿ ರಂಗಕ್ಕನ ಹತ್ತಿರ ಕಥೆಯಿತ್ತು. ಒಂದೂರಿನಲ್ಲಿ ಒಬ್ಬ ರಾಗಿ ಅಳೆಯುತ್ತ ಮರೆತು ಏಳು ಅಂದುಬಿಟ್ಟನಂತೆ. ತನಗೇ ಹೇಳಿದರು ಅಂದುಕೊಂಡ ರಾಶಿ ಮೈ ಕೊಡವಿಕೊಂಡು ಎದ್ದು, ಕಣ ದಾಟಿ, ಹೊಳೆಗಿಳಿದು ಹೊರಟೇ ಹೋಯಿತಂತೆ. "ಎದ್ದೇಳು ಅಂದ್ಮ್ಯಾಕೆ ಯಾರ್ ತಾನೆ ಕುಂತಿರ್ತಾರೆ, ನೀನೇ ಹೇಳವ್ವ" ಎಂದು ಅಜ್ಜಿ ಮೊಮ್ಮಗಳ ಗಲ್ಲ ಹಿಡಿಯುತ್ತಿದ್ದಳು.

ಹಟ್ಟಿಯಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ದಿನಾ ಬೆಳಗ್ಗೆ ಮಂದೆ ಬಿಡುವ ಮುಂಚೆ ಕ್ಯಾತಮ್ಮ ತಮ್ಮನ ಕಂಬಳಿ ಎಳೆದು "ಏಳ್ಲಾ, ಏಳು!" ಎನ್ನುತ್ತಿದ್ದಳು. ಕಣ್ಣು ಬಿಡುವ ಮೊದಲೇ ಅವನ ಪಾದ ನೆಲದ ಮೇಲಿರುತ್ತಿತ್ತು. ಜುಂಜಪ್ಪ ಪಿಯುಸಿಗೆ ಸೇರಿದ್ದ ನಿಜ; ಅವನ ಕಾಲುಗಳಿನ್ನೂ ಸೇರಿರಲಿಲ್ಲ.

ಬುತ್ತಿ ಬಿಚ್ಚುವಾಗ ಕ್ಯಾತಮ್ಮ ನಾಗಲಿಂಗಯ್ಯನ ಮುಂದೆ ನಿಂತಳು. "ಅಣ್ಣೋ, ಅವ್ನಿಗೆ ಆ ನಂಬ್ರ ಕೂಗ್ಬ್ಯಾಡ. ಮತ್ತೊಂದು ಅನ್ನು. ಅವ್ನಿಗೆ ತಿಳೀತದೆ."

"ಬಂಡೆ ಎದುರಿಗೆ ಬಂದಾಗ ಮತ್ತೊಂದು ಮಗದೊಂದು ಅಂತ ಸೋಬಾನೆ ಹಾಡಕ್ಕಾಯ್ತದೇನಮ್ಮ?" ಎಂದು ನಕ್ಕರೂ ಅವಳ ಮುಖ ನೋಡಿ ಅವನು ಮೆತ್ತಗಾದ. "ಆಗ್ಲಿ ಬುಡು, ಅಂಗೇ ಕೂಗ್ತೀನಿ."

ಹಾಗೆ ಕೂಗಿದಾಗ ಜುಂಜಪ್ಪ ಕೂತಲ್ಲೇ ಕೂತು ಚೆನ್ನಾಗಿ ಹುಟ್ಟು ಹಾಕಿದ. ಆದರೆ ಹುಡುಗರು ಬಿಡಬೇಕಲ್ಲ? "ಲೇ ಮತ್ತೊಂದು, ಮತ್ತೊಂದು ಮುದ್ದೆ ಇಕ್ಕಸ್ಕೊಳ್ಲಾ!" ಎಂದು ಕಾಲೇಜಿನ ಗೇಟಿನವರೆಗೂ ಆ ಹೆಸರೇ ಅವನ ಬೆನ್ನು ಹತ್ತಿತು.

ಕೊನೆಗೊಂದು ಸಂಜೆ ಅವನು ಬಂದವನೇ ಹೇಳಿದ, "ನಾಗಲಿಂಗಣ್ಣಂಗೆ ಹೇಳ್ಬುಟ್ಟು ಬಂದೆ. ಎಲ್ರಂಗೆ ನನಗೂ ನಂಬ್ರನೇ ಕೂಗು ಅಂತ."

"ಬ್ಯಾಡ ಕಣ್ಲಾ. ಇಲ್ಲಾಂದ್ರೆ ಬ್ಯಾರೆ ಜಾಗದಾಗೆ ಕುಂತ್ಕೊ."

"ನನ್ನ ತೋಳು ನೋಡಿ ಅಲ್ಲಿ ಕೂರ್ಸವ್ನೆ. ನಂಗೇನು ಏಳು ಗೊತ್ತಿಲ್ವಾ? ಏಳೇಳ್ಲಿ ನಲವತ್ತೊಂಬತ್ತು. ಸುಮ್ಕಿರಕ್ಕ, ನೀನೂ ಅಜ್ಜಿ ಆಗ್ಬ್ಯಾಡ."

ರಂಗಕ್ಕ ಮೂಲೆಯಿಂದ, "ಬೆಳ್ನೀರು ಬೆಳ್ನೀರು ಅಂತಾನಲ್ಲ ಆ ನಿಮ್ಮಣ್ಣ. ನಮ್ಮ ಹೊಳೆವ್ವ ಕೆಂಪು ಸೀರೆ ಉಟ್ಟು ಬರೋಳು. ಬೆಳ್ಳಗೆ ಕಂಡ್ರೆ ಅದು ನಗೆ ಅಲ್ಲಪ್ಪ, ಹಲ್ಲು" ಎಂದಳು. ಜುಂಜಪ್ಪ ಮುಸುಕೆಳೆದುಕೊಂಡ.

ದೇವರಾಯನದುರ್ಗದ ಕಡೆ ಮೋಡ ಕಟ್ಟಿ, ಹೊಳೆ ಬಂತು. ಹೊರಡುವ ದಿನದ ಬೆಳಗ್ಗೆ ಕ್ಯಾತಮ್ಮ ತಮ್ಮನ ಪಕ್ಕ ತುಸು ಹೊತ್ತು ನಿಂತಳು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿ, ಬಗ್ಗಿ ಅವನ ಪಾದ ಮುಟ್ಟಿ ಎಬ್ಬಿಸಿದಳು. ಪಾದ ತಣ್ಣಗಿತ್ತು.

ಕೆಳಗಿನ ಮಂಟಪದ ಹತ್ತಿರ ಜನ ಸೇರಿದ್ದರು. ಇಳಿಯುವವರ ತಲೆ ಎಣಿಸುವ ಕೆಲಸವನ್ನು ನಾಗಲಿಂಗಯ್ಯ ಕ್ಯಾತಮ್ಮನಿಗೇ ವಹಿಸಿದ್ದ. ಅವಳಿಗೆ ಅಷ್ಟಾದರೂ ಸಮಾಧಾನವಾಗಲಿ ಎಂದಿರಬೇಕು. ಹೊಳೆ ಕೆಂಪಗೆ, ದಪ್ಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ದೂರದ ತಿರುವಿನಲ್ಲಿ ಎಮ್ಮೆಬಂಡೆಯ ಸುತ್ತ ಮಾತ್ರ ಬೆಳ್ಳಗಿತ್ತು.

ಗಾಳಿ ಈ ಕಡೆಗೇ ಬೀಸುತ್ತಿತ್ತು. ಬಂಡೆಯ ಆಚೆಯಿಂದ ನಾಗಲಿಂಗಯ್ಯನ ದನಿ ಕೇಳಿಸಿತು. "ಮೂರು! ಮೂರು! ಐದು!"

ಜನ ಶಿಳ್ಳೆ ಹೊಡೆದರು.

"ಏಳು!" ಎಂದಿತು ಆ ದನಿ. ಮತ್ತೆ, ಇನ್ನೂ ಜೋರಾಗಿ, "ಏಳು! ಏಳು!" ಆಮೇಲೆ ಬಂಡೆಗೆ ಬಡಿಯುವ ನೀರಿನ ಸದ್ದಷ್ಟೇ.

ತೆಪ್ಪ ತಿರುವಿನಲ್ಲಿ ಕಾಣಿಸಿಕೊಂಡಿತು. ದಡದವರು ಟವಲು ಬೀಸಿದರು. ತೆಪ್ಪದ ಮೇಲಿನವರು ಯಾರೂ ಕೈ ಎತ್ತಲಿಲ್ಲ. ಹಿಂಬದಿಯಲ್ಲಿ ಬಿದಿರಿನ ಗಳ ಹಿಡಿದು ನಿಂತಿದ್ದ ನಾಗಲಿಂಗಯ್ಯ ಬಂದ ದಾರಿಯನ್ನೇ ನೋಡುತ್ತಿದ್ದ.

ಕ್ಯಾತಮ್ಮ ಬೆರಳು ಮಡಿಸತೊಡಗಿದಳು. ಎಡಗಡೆಯ ಸಾಲು. "ಲಾಭ. ಎರಡು. ಮೂರು. ನಾಕು." ಬಲಗಡೆಗೆ ಕಣ್ಣು ಹೊರಳಿಸಿದಳು. "ಐದು. ಆರು."

ಆರನೆಯವನ ಹಿಂದೆ ಬಿದಿರಿನ ಸಂದಿಯಿಂದ ಕೆಂಪು ನೀರು ಉಕ್ಕಿ, ಇಳಿದು, ಮತ್ತೆ ಉಕ್ಕುತ್ತಿತ್ತು. ಅದರ ಹಿಂದೆ ಕೂತ ಎಂಟನೆಯವನು ತಲೆ ತಗ್ಗಿಸಿದ್ದ.

"ಮತ್ತೊಂದು" ಎಂದಳು ಕ್ಯಾತಮ್ಮ.

ತೆಪ್ಪ ಮರಳಿಗೆ ತಾಗಿ ನಿಂತಿತು. ಯಾರೂ ಕೂತಲ್ಲಿಂದ ಏಳಲಿಲ್ಲ.

"ಮತ್ತೊಂದು" ಎಂದಳು, ಬೆರಳನ್ನು ಮಡಿಸದೆ ಹಾಗೇ ಹಿಡಿದುಕೊಂಡು.