ಏಳು ಸಲ ಬಾರದ ಗಾಡಿ

ಟೈಲರಕ್ಕ ಅಂಗಡಿ ತೆಗೆದು ಮೆಷಿನ್ ಮುಂದೆ ಕೂತಳು. ಆದರೆ ಕಾಲು ಪೆಡಲ್ ತುಳಿಯಲಿಲ್ಲ. ನಿನ್ನೆಯೂ ಸಂಜೆಯವರೆಗೆ ಕೋರ್ಟಿನ ಮೆಟ್ಟಿಲ ಮೇಲೆ ಕಾದು ಕೂತು ಬಂದಿದ್ದಳು. ಜೈಲಿನಿಂದ ತಮ್ಮನನ್ನು ಕರೆತರಬೇಕಾದ ಗಾಡಿ ಬರಲೇ ಇಲ್ಲ. ಅವನಿಲ್ಲದೆ ವಿಚಾರಣೆ ಇಲ್ಲ, ಮತ್ತೆ ಮುಂದಿನ ತಾರೀಕು. ಕಳವು ಮಾಡಿದ ಅಂತ ಅವನ ಮೇಲೆ ದೂರು. ಮಾಡಿದನೋ ಬಿಟ್ಟನೋ, ಇನ್ನೂ ಯಾರೂ ಕೇಳಿಯೇ ಇಲ್ಲ. ಒಳಗೆ ಹೋಗಿ ಮಾತ್ರ ಒಂದೂವರೆ ವರ್ಷ. 

ಟಪಾಲು ಕೊಡಲು ಬಂದ ಅಂಚೆಯವಳು ಎಲ್ಲ ಕೇಳಿಸಿಕೊಂಡಳು.

"ಅಕ್ಕಾ, ಸಂಸತ್ತಿನ ಸಮಿತಿ ಒಂದಿದೆ. ಪೊಲೀಸು, ಜೈಲು ಎಲ್ಲ ನೆಟ್ಟಗೆ ನಡೀತಿದೆಯಾ ಅಂತ ಸರ್ಕಾರದವರನ್ನ ಕರೆಸಿ ಪ್ರಶ್ನೆ ಕೇಳುತ್ತೆ. ವಿಚಾರಣೆ ಯಾಕೆ ತಡ ಆಗ್ತಿದೆ ಅಂತ ಈಗ ನೋಡ್ತಿದಾರೆ. ಜನರೂ ಬರೀಬಹುದಂತೆ. ನಮ್ಮ ಆಫೀಸಲ್ಲೇ ನೋಟೀಸ್ ಅಂಟಿಸಿದಾರೆ."

ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಗಂಡ ನಕ್ಕ. "ನಾವು ಬರೆದ್ರೆ ಅವರು ಓದ್ತಾರಾ? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ!"

"ಭಾವ, ಮೊದಲು ಆ ಕಾಲರ್ ನೋಡಿ, ಸುಡ್ತಿದೆ," ಅಂದಳು ಅಂಚೆಯವಳು.

ಟೈಲರಕ್ಕ ಬರೆದಳು, ನಾಲ್ಕು ಪುಟ. ತಮ್ಮ ಒಳ್ಳೆಯವನು, ತಾಯಿಯಿಲ್ಲದವನು, ದಯವಿಟ್ಟು ಬಿಟ್ಟುಬಿಡಿ. ಮರುದಿನ ಅದನ್ನು ಓದಿದ ಅಂಚೆಯವಳು ಕಣ್ಣೊರೆಸಿಕೊಂಡಳು.

"ನನಗೇ ಅಳು ಬಂತು ಕಣಕ್ಕ. ಆದ್ರೆ ಸಮಿತಿ ಯಾರನ್ನೂ ಬಿಡಿಸೋಕಾಗಲ್ಲ, ತೀರ್ಪು ಕೋರ್ಟಿನದೇ. ವ್ಯವಸ್ಥೆ ಎಲ್ಲಿ ಕೆಟ್ಟಿದೆ ಅಂತ ಅವರು ಕೇಳಬಹುದು, ಅಷ್ಟೆ. ಗಾಡಿ ಯಾವತ್ತೆಲ್ಲ ಬರಲಿಲ್ಲ? ತಾರೀಕು ಬೇಕು."

"ಅಯ್ಯೋ, ಅದೆಲ್ಲ ಯಾರಿಗೆ ನೆನಪಿರುತ್ತೆ!" ಟೈಲರಕ್ಕ ನಾಲ್ಕೂ ಪುಟ ಮಡಚಿಟ್ಟಳು.

ಗಂಡ ಇಸ್ತ್ರಿಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ, ಅಳತೆ ಪುಸ್ತಕ ತಂದು ಮುಂದಿಟ್ಟ. ಬಟ್ಟೆ ಕೊಡುವ ದಿನ ಹೊಡೆದುಹಾಕಿದಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲ್ ಬರಹ: "ಅಂಗಡಿ ಬಂದ್. ಕೋರ್ಟು. ಗಾಡಿ ಬರಲಿಲ್ಲ." ಹನ್ನೊಂದು ಸಲ ಕೋರ್ಟಿಗೆ ಹೋಗಿದ್ದಳು. ಅದರಲ್ಲಿ ಏಳು ಸಲ ಗಾಡಿ ಬಂದಿರಲಿಲ್ಲ.

"ಗಿರಾಕಿಗಳು ಜಗಳಕ್ಕೆ ಬಂದ್ರೆ ತೋರಿಸೋಣ ಅಂತ ಬರೆದಿಟ್ಟಿದ್ದೆ," ಅಂದ, ಮುಖ ಆಚೆ ತಿರುಗಿಸಿಕೊಂಡು. ತನ್ನ ತಮ್ಮನ ಚಿಂತೆ ತನಗೊಬ್ಬಳಿಗೇ ಅಂದುಕೊಂಡಿದ್ದ ಟೈಲರಕ್ಕನಿಗೆ ಆಗ ಗಂಡನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ಈ ಸಲ ಒಂದೇ ಪುಟ. ಏಳು ತಾರೀಕು, ಜೈಲಿನ ಹೆಸರು, ಕೋರ್ಟಿನ ವಿಳಾಸ, ಆ ದಿನಗಳಲ್ಲಿ ನಡೆಯದೆ ಉಳಿದ ವಿಚಾರಣೆ. ಅಷ್ಟೇ.

ಎರಡು ತಿಂಗಳಾದ ಮೇಲೆ ಅಂಗಡಿಯ ರೇಡಿಯೋದಲ್ಲಿ ಸುದ್ದಿ ಬಂತು. ಸಮಿತಿಯ ಸದಸ್ಯೆಯೊಬ್ಬರು ಅಧಿಕಾರಿಯನ್ನು ಕೇಳಿದ್ದರು: "ಒಬ್ಬನೇ ಕೈದಿಗೆ ಏಳು ಸಲ ಗಾಡಿ ಇಲ್ಲ. ಆ ಜೈಲಲ್ಲಿ ಗಾಡಿ ಎಷ್ಟಿವೆ?" ಅಧಿಕಾರಿ ಆಮೇಲೆ ಲಿಖಿತ ಉತ್ತರ ಕೊಡಬೇಕಾಯಿತು: ಇರುವುದು ನಾಲ್ಕು, ಓಡುವುದು ಎರಡು, ಉಳಿದವು ರಿಪೇರಿಗೆ ಹೋಗಿವೆ.

"ಓದಿದಾರೆ ಕಣೇ!" ಗಂಡ ಕೂಗಿದ. ಆವತ್ತು ಕಾಲರ್ ನಿಜವಾಗಿಯೂ ಸುಟ್ಟಿತು.

ಮುಂದಿನ ತಾರೀಕಿಗೆ ಗಾಡಿ ಬಂತು. ಸೊರಗಿದ ತಮ್ಮ ಇಳಿದು, ಮೆಟ್ಟಿಲ ಮೇಲಿದ್ದ ಅಕ್ಕನನ್ನು ಕಂಡು ಕೈ ಎತ್ತಿದ. ಆ ದಿನ ಮೊದಲ ಸಾಕ್ಷಿಯ ವಿಚಾರಣೆ ನಡೆಯಿತು. ತೀರ್ಪು ಏನಾಗುತ್ತೋ ಗೊತ್ತಿಲ್ಲ. ಆದರೆ ಅವನ ಮಾತನ್ನೂ ಇನ್ನು ಕೇಳುತ್ತಾರೆ. ಅಂಗಡಿಗೆ ಬಂದು ಗಂಡ ಪುಸ್ತಕ ತೆಗೆದು ದೊಡ್ಡದಾಗಿ ಬರೆದ: "ಗಾಡಿ ಬಂತು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೂ ಎಲ್ಲೋ ಒಂದು ಗಾಡಿ ಬಾರದೆ ನಿಂತಿರಬಹುದು. ತಾರೀಕು ಬರೆದಿಡಿ. ಸಮಿತಿ ಜನರ ಅಭಿಪ್ರಾಯ ಕೇಳಿದಾಗ ಒಂದು ಪುಟ ಕಳಿಸಿ, ಇಲ್ಲವೇ ನಿಮ್ಮ ಸಂಸತ್ ಸದಸ್ಯರಿಗೆ ಕೊಡಿ. ಸರ್ಕಾರವನ್ನು ಪ್ರಶ್ನೆ ಕೇಳಲಿ ಅಂತಲೇ ಅವರನ್ನು ಆರಿಸಿ ಕಳಿಸಿದ್ದೇವೆ. ಏನು ಕೇಳಬೇಕು ಅಂತ ನಾವಲ್ಲದೆ ಇನ್ಯಾರು ಹೇಳಬೇಕು?