ಹಸಿರು ಕಾರಿನ ಗೆಲುವು

ಮರ್ಲ್ ಪ್ರತಿ ಶುಕ್ರವಾರವೂ ಗೆಲ್ಲುತ್ತಿದ್ದಳು. ಗೆಲ್ಲದೆ ಮತ್ತೇನು? ಒಂದು ಕಾಲಕ್ಕೆ ಪೋರ್ಟ್ ಪಿರಿಯ ಅರ್ಧ ಊರು ಶಾಲೆಗೆ ಹೋದದ್ದು ಅವಳು ಓಡಿಸುತ್ತಿದ್ದ ಬಸ್ಸಿನಲ್ಲೇ. ಪಾರ್ಶ್ವವಾಯು ಬಡಿದು ಎಡಗೈ ಮರದ ಕೊರಡಾದ ಮೇಲೆ ಲೈಸೆನ್ಸ್ ಕಿತ್ತುಕೊಂಡಿದ್ದರು. ಮಂಗಳವಾರ ಮತ್ತೆ ಪರೀಕ್ಷೆ ಇತ್ತು. ಪಾಸಾದರೆ ಊರಾಚೆಯ ತನ್ನ ಮನೆ, ತನ್ನ ಕಾರು. ಫೇಲಾದರೆ ಮಗಳು ಕೆರಿನ್‌ಳ ಮನೆಯ ಹಿಂದಿನ ಕೋಣೆಯೇ ಕಡೆತನಕ ಗತಿ.

ಅವಳಿಗೆ ಧೈರ್ಯ ಬಂದದ್ದು ಟಿವಿಯ ಕೆಳಗಿದ್ದ ವಿಡಿಯೋ ಗೇಮ್ ಪೆಟ್ಟಿಗೆಯಿಂದ. ಶುಕ್ರವಾರ ಅಳಿಯ ಡೇಲ್‌ನ ಇಬ್ಬರು ತಮ್ಮಂದಿರು ಬರುತ್ತಿದ್ದರು. ಊಟವಾದ ಮೇಲೆ ಕಾರ್ ರೇಸು, ಕೊನೆಗೆ ಬಂದವರು ಪಾತ್ರೆ ತೊಳೆಯಬೇಕು. ಅದು ಆ ಮನೆಯ ಕಟ್ಟಳೆ. ಹಸಿರು ಕಾರು ಮರ್ಲ್‌ದು. ಡೇಲ್ ಆಡುತ್ತಿರಲಿಲ್ಲ, "ನಾನು ಅಂಪೈರು" ಎಂದು ಮಡಿಲ ಮೇಲೆ ದಿಂಬಿಟ್ಟುಕೊಂಡು ಕೂರುತ್ತಿದ್ದ.

"ಎಡಗೈ ವಾಪಸ್ ಬರ್ತಾ ಇದೆ ಕಣೇ! ಆ ತಿರುವು ಹೆಂಗೆ ತಗೊಂಡೆ, ನೋಡಿದ್ಯಾ?"

"ನೋಡ್ದೆ ಅಮ್ಮಾ, ಸೂಪರ್," ಎನ್ನುತ್ತಿದ್ದಳು ಕೆರಿನ್, ಫೋನಿನಿಂದ ತಲೆ ಎತ್ತದೆ.

ಪರೀಕ್ಷೆಗೆ ಮುಂಚಿನ ಶುಕ್ರವಾರ ಎಲ್ಲರೂ ಹಿತ್ತಲಲ್ಲಿ ಸಾಸೇಜ್ ಸುಡುತ್ತಿದ್ದರು. ಒಳಗೆ ಮರ್ಲ್ ಒಬ್ಬಳೇ, ಕೈ ಪಳಗಲಿ ಎಂದು ಕಾರು ಓಡಿಸುವ ತನ್ನ ಕಂಟ್ರೋಲರ್ ಎತ್ತಿಕೊಂಡಳು. ಅದು ಜಾರಿ ಬಿದ್ದು ಹಿಂಬದಿಯ ಮುಚ್ಚಳ ಕಳಚಿತು. ಒಳಗೆ ಬ್ಯಾಟರಿಯೇ ಇಲ್ಲ! ಬ್ಯಾಟರಿ ಕೂರುವ ಜಾಗದಲ್ಲಿ ಧೂಳು ಕೂತಿತ್ತು.

ಹಾಗಾದರೆ ಹಸಿರು ಕಾರನ್ನು ಓಡಿಸಿದವರು ಯಾರು? ಅವಳ ಕಣ್ಣು ಡೇಲ್‌ನ ದಿಂಬಿನ ಮೇಲೆ ಹೋಯಿತು. ಅದರಡಿ ಇನ್ನೊಂದು ಕಂಟ್ರೋಲರ್ ಸಿಕ್ಕಿತು.

ಅದರ ಬ್ಯಾಟರಿ ಕಿತ್ತು ತನ್ನದಕ್ಕೆ ತುರುಕಿ, ಅದನ್ನು ಮತ್ತೆ ದಿಂಬಿನಡಿ ಇಟ್ಟಳು. ಕಂಟ್ರೋಲರನ್ನು ಪೆಟ್ಟಿಗೆಗೆ ಜೋಡಿಸುವುದನ್ನು ಡೇಲ್ ತಮ್ಮಂದಿರಿಗೆ ಮಾಡಿಕೊಡುವಾಗ ನೋಡಿದ್ದಳು. ಪೆಟ್ಟಿಗೆಯ ಗುಂಡಿ ಒತ್ತಿ, ಕಂಟ್ರೋಲರಿನ ಮೇಲಂಚಿನ ಪುಟ್ಟ ಗುಂಡಿಯನ್ನು ಒತ್ತಿ ಹಿಡಿದಳು. ದೀಪ ಪಟಪಟ ಮಿನುಗಿ, ಆಮೇಲೆ ನೆಟ್ಟಗೆ ಉರಿಯಿತು. ಇಷ್ಟು ದಿನ ತನ್ನ ಕೈಯಲ್ಲಿ ಆ ದೀಪ ಒಮ್ಮೆಯೂ ಹೊತ್ತಿರಲಿಲ್ಲ. ಥೂ, ಎಂಥ ಪೆದ್ದಿ ನಾನು ಎಂದುಕೊಂಡಳು. ಆದರೂ ಆಸೆ ಸಾಯಲಿಲ್ಲ, ಪಾಪ. ನಿಜವಾಗಿಯೇ ಗೆದ್ದುಬಿಟ್ಟರೆ?

ಊಟ ಮುಗಿದು ರೇಸು ಶುರುವಾಯಿತು. ಬಲಗೈ ಹೇಳಿದಂತೆ ಕೇಳಿತು. ಕಾರು ತಿರುಗಿಸಬೇಕಾದ ಎಡಗೈಯ ಹೆಬ್ಬೆರಳು ಬೇಡಿಕೊಂಡರೂ ಅಲುಗಲಿಲ್ಲ. ಮೊದಲ ತಿರುವಿನಲ್ಲೇ ಹಸಿರು ಕಾರು ಗೋಡೆಗೆ ಮುಖ ಕೊಟ್ಟು ನಿಂತಿತು. ಡೇಲ್ ದಿಂಬಿನಡಿ ಒತ್ತಿದ್ದೇ ಒತ್ತಿದ್ದು. ತಮ್ಮಂದಿರ ಕಾರುಗಳು ಗುರಿ ಮುಟ್ಟಿದವು.

"ಅಮ್ಮಾ, ಮತ್ತೆ ಫಸ್ಟ್!" ಎಂದು ಕೆರಿನ್ ಚಪ್ಪಾಳೆ ತಟ್ಟಿದಳು, ಕಣ್ಣು ಫೋನಿನಲ್ಲೇ.

ಡೇಲ್ ದಿಂಬಿನಡಿ ಇನ್ನೂ ಒತ್ತುತ್ತಲೇ ಇದ್ದ.

"ಎಷ್ಟು ಒತ್ತಿದ್ರೂ ಬರಲ್ಲ ಕಣಪ್ಪಾ," ಎಂದಳು ಮರ್ಲ್. "ಬ್ಯಾಟರಿ ನನ್ನ ಹತ್ರ ಇದೆ."

ಕೆರಿನ್ ಮುಖ ಸಿಂಡರಿಸಿದಳು. "ನಿನ್ ಖುಷಿಗೇ ಮಾಡಿದ್ದಮ್ಮಾ. ಅಲ್ಲದೆ ನೀನು ಸೋತು ಪಾತ್ರೆ ಮುಟ್ಟಿದ್ರೆ ಒಂದೂ ಉಳಿಯಲ್ಲ. ನನ್ ಮದುವೆಗೆ ಬಂದ ತಟ್ಟೆ ಸೆಟ್ಟು ಅದು."

"ಮತ್ತೆ ಮಂಗಳವಾರ? ಇದನ್ನೇ ನಂಬ್ಕೊಂಡು ನಾನು ರೋಡಿಗೆ ಇಳೀತಿದ್ನಲ್ಲೇ!"

ಡೇಲ್ ನಕ್ಕ. "ಪರೀಕ್ಷೆ ಮಾಡೋನ ಕಾಲಡೀಲೂ ಬ್ರೇಕ್ ಇರತ್ತೆ ಅತ್ತೆ. ಫೇಲು ಅಂತ ಅವನೇ ಹೇಳ್ಲಿ ಬಿಡಿ, ನಮ್ಗ್ಯಾಕೆ ನಿಷ್ಠುರ?" ತಮ್ಮಂದಿರೂ ನಕ್ಕರು.

ಮರ್ಲ್ ಎದ್ದಳು. "ಕೊನೆಗೆ ಬಂದೋರು ಪಾತ್ರೆ ತೊಳೀಬೇಕು, ಅಲ್ವಾ?"

ಅಡುಗೆಮನೆಯಲ್ಲಿ ನಲ್ಲಿ ಬಿಟ್ಟಳು. ಮೊದಲ ತಟ್ಟೆ ಎಡಗೈಯಿಂದ ತಾನಾಗಿ ಜಾರಿ ಚೂರಾಯಿತು. "ಅಯ್ಯೋ, ನನ್ ಸೆಟ್ಟು!" ಎಂದು ಕೆರಿನ್ ಓಡಿ ಬಂದು ಬಾಗಿಲಲ್ಲಿ ನಿಂತಳು.

ಎರಡನೆಯದನ್ನು ಮರ್ಲ್ ಬಲಗೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಈ ಸಲ ಮಗಳು ನಿಜವಾಗಿಯೂ ನೋಡುತ್ತಿದ್ದಾಳೆಂದು ಖಾತ್ರಿಯಾದ ಮೇಲೆ ಕೈ ಬಿಟ್ಟಳು.