ಹಾಜರಿ ನಂಬರು ನಲವತ್ತೊಂದು

“ಯಾವ ಮುಂಡೇದ್ರೀ ಅದು ಹೀಗೆ ಕಿರುಚ್ತಿರೋದು? ಪಾಠ ಮಾಡ್ತಿದೀರೋ, ಹಂದಿ ಕುಯ್ತಿದೀರೋ?”

ಪ್ರಾಂಶುಪಾಲರು ಎರಡೂ ಕಿವಿ ಮುಚ್ಚಿಕೊಂಡೇ ತರಗತಿಗೆ ನುಗ್ಗಿದರು. ಬೆಂಚುಗಳಲ್ಲಿದ್ದವರೂ ಕಿವಿ ಮುಚ್ಚಿಕೊಂಡಿದ್ದರು. ಗೋಡೆಯ ಪರದೆಯಲ್ಲಿ ಚೌಕ ಚೌಕವಾಗಿ ಕೂತಿದ್ದ ಆನ್‌ಲೈನ್ ವಿದ್ಯಾರ್ಥಿಗಳು ಮುಖ ಕಿವುಚುತ್ತಿದ್ದರು. ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕ, ಎಲ್ಲರ ಬಾಯಲ್ಲೂ ಬರೀ ಮೇಷ್ಟ್ರು, ಕಂಪ್ಯೂಟರಿನ ಸಿಕ್ಕಸಿಕ್ಕ ಗುಂಡಿ ಒತ್ತುತ್ತ ಬೆವರುತ್ತಿದ್ದರು.

ಬಾಗಿಲಾಚೆ ನೆಲ ಒರೆಸುವ ಕೋಲು ಹಿಡಿದು ನಿಂತವಳ ಜೀವ ಬಾಯಿಗೆ ಬಂದಿತ್ತು. ತಪ್ಪು ಅವಳ ಕೈಯಲ್ಲಿದ್ದ ಫೋನಿನದು.

ಆ ಕಾಲೇಜಿನ ನೆಲ ಒರೆಸಿ ಕಕ್ಕಸು ತೊಳೆಯುವುದು ಅವಳ ಕೆಲಸ. ಅದೇ ಕಾಲೇಜಿನ ಪದವಿಯ ಕೊನೆಯ ವರ್ಷದಲ್ಲಿ, ಆನ್‌ಲೈನ್ ಪಟ್ಟಿಯ ನಲವತ್ತೊಂದನೇ ನಂಬರೂ ಅವಳೇ. ಇದು ಗೊತ್ತಿದ್ದದ್ದು ಹತ್ತನೇ ಕ್ಲಾಸಿನಲ್ಲಿ ಓದುವ ಅವಳ ಮಗಳಿಗೆ ಮಾತ್ರ. ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಪದವಿ ಮುಗಿಸಲಿ ಎಂದು ಅರ್ಜಿ ತುಂಬಿದವಳೂ ಮಗಳೇ. “ನೋಡಮ್ಮ, ಕ್ಯಾಮೆರಾನೂ ಮುಟ್ಬೇಡ, ಮೈಕೂ ಮುಟ್ಬೇಡ. ಉತ್ತರ ಗೊತ್ತಿದ್ರೆ ಟೈಪ್ ಮಾಡು, ಸಾಕು” ಎಂದು ತಾಕೀತು ಮಾಡಿದವಳೂ ಅವಳೇ. ಆರು ತಿಂಗಳಿಂದ ತಾಯಿ ತಲೆಬಟ್ಟೆಯೊಳಗೆ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೂರನೇ ಮಹಡಿ ಒರೆಸುತ್ತ ಒಂದನೇ ಮಹಡಿಯ ಪಾಠ ಕೇಳುತ್ತಿದ್ದಳು. ಪರೀಕ್ಷೆಗೆ ಕೂರಬೇಕಾದರೆ ಇನ್ನು ನಾಲ್ಕೇ ಕ್ಲಾಸಿನ ಹಾಜರಿ ಬಾಕಿ. ಪದವಿಯೊಂದು ಕೈಗೆ ಬಂದರೆ ಯಾವುದಾದರೂ ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಸಿಗಬಹುದು ಎಂಬುದು ಅವಳ ಆಸೆ.

ಮೇಷ್ಟ್ರಿಗೂ ನಲವತ್ತೊಂದು ಎಂದರೆ ಅಚ್ಚುಮೆಚ್ಚು. “ನೋಡ್ರಪ್ಪಾ, ನಲವತ್ತೊಂದನ್ನ ನೋಡಿ ಕಲೀರಿ” ಎಂದು ಬೆಂಚಿನವರನ್ನು ಹಂಗಿಸುತ್ತಿದ್ದರು. ಅದೇ ಮೇಷ್ಟ್ರು ಮೆಟ್ಟಿಲಲ್ಲಿ ಎದುರಾದರೆ “ಸ್ವಲ್ಪ ಸರಿಯಮ್ಮ” ಎಂದು ಅವಳ ಬಕೆಟ್ಟು ದಾಟಿ ಹೋಗುತ್ತಿದ್ದರು. ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು. ಒಂದೊಂದು ದಿನ ಅಳುವೂ ಬರುತ್ತಿತ್ತು.

ಇವತ್ತು ಒಂದನೇ ಮಹಡಿ ಒರೆಸುವವಳಿಗೆ ಜ್ವರ, ಅವಳ ಕೆಲಸ ಇವಳ ತಲೆಗೆ ಬಂತು. ಒಳಗೆ ಮೇಷ್ಟ್ರು, “ಸರಾಸರಿ ಯಾವಾಗ ಸುಳ್ಳು ಹೇಳುತ್ತೆ?” ಎಂದು ಕೇಳಿದರು. ಬೆಂಚಿನವರೂ ಬಾಯಿ ಬಿಡಲಿಲ್ಲ, ಪರದೆಯವರೂ ಬಿಡಲಿಲ್ಲ. ಟೈಪ್ ಮಾಡೋಣವೆಂದರೆ ಕೈಯಲ್ಲಿ ಒದ್ದೆ ಗ್ಲೌಸು. ಮೇಷ್ಟ್ರು ತಾವೇ ಉತ್ತರ ಹೇಳಿಬಿಟ್ಟಾರೆಂಬ ಆತುರಕ್ಕೆ ಹಲ್ಲಿನಲ್ಲಿ ಗ್ಲೌಸು ಕಚ್ಚಿ ಎಳೆದವಳೇ ಮೈಕು ಒತ್ತಿಬಿಟ್ಟಳು.

“ಸಾರ್, ಒಂದು ಕಕ್ಕಸಿಗೆ ಆರು ಜನ ಹೋಗ್ತಾರೆ, ಇನ್ನೊಂದಕ್ಕೆ ಇನ್ನೂರು ಜನ. ಸರಾಸರಿ ನೂರಾ ಮೂರು. ಆದ್ರೆ ನೂರಾ ಮೂರು ಜನ ಹೋಗೋ ಕಕ್ಕಸು ಎಲ್ಲೂ ಇಲ್ಲ!”

ಸ್ಪೀಕರಿನ ಸದ್ದು ಬಾಗಿಲಾಚೆಯ ಫೋನಿಗೆ ನುಗ್ಗಿತು, ಫೋನಿನದು ತಿರುಗಿ ಸ್ಪೀಕರಿಗೆ ಹೋಯಿತು. ಕಿವಿ ಹರಿಯುವಂಥ ಚೀತ್ಕಾರ ಎದ್ದದ್ದು ಆಗ.

ಅವಳು ತಡಬಡಿಸಿ ಮೈಕು ಆರಿಸುವಷ್ಟರಲ್ಲಿ, ಅದನ್ನು ಕಂಡ ಪ್ರಾಂಶುಪಾಲರು ಹೊರಗೆ ಬಂದು ಫೋನು ಕಿತ್ತುಕೊಂಡರು. ನೋಡಿದರೆ ಅದರಲ್ಲಿ ಇದೇ ಪಾಠ, ನಂಬರು ನಲವತ್ತೊಂದು. ಅವಳನ್ನು ಒಳಗೆ ಕರೆದು ಎಲ್ಲರೆದುರು ನಿಲ್ಲಿಸಿದರು.

“ಕಕ್ಕಸು ತೊಳ್ಯೋಳಿಗೆ ಸಂಖ್ಯಾಶಾಸ್ತ್ರ ಬೇರೆ ಕೇಡು! ಸಂಬಳಾನೂ ತಗೊಂಡು ಹಾಜರಿನೂ ಹೊಡ್ಕೋತೀಯೇನೇ ಕಳ್ಳಿ?”

“ಒಂದಿನಾನೂ ಕೆಲಸ ಬಿಟ್ಟಿಲ್ಲ ಸಾರ್. ಯಾವ ಮೂಲೇಲಿ ಧೂಳಿದೆ ತೋರ್ಸಿ.”

“ಎದುರುತ್ತರ ಬೇರೆ! ಮೇಷ್ಟ್ರೇ, ಇವಳ ಹಾಜರಿ ಪೂರ್ತಿ ಅಳಿಸಿ, ಪರದೆಯಿಂದ್ಲೂ ತೆಗೀರಿ. ಈಗ್ಲೇ, ನನ್ನ ಕಣ್ಣೆದುರಿಗೆ.”

ಮೇಷ್ಟ್ರು ಅವಳನ್ನು ಸರಿಯಾಗಿ ನೋಡಿದ್ದು ಆಗಲೇ. “ನಲವತ್ತೊಂದು ನೀವಾ ಅಮ್ಮ?” ಎಂದರು. ಆಮೇಲೆ ಗೊಣಗಿದರು: “ಸಾರ್, ಅವರ ಉತ್ತರ ಸರಿ ಇತ್ತು.”

“ನಿಮ್ಮ ಗುತ್ತಿಗೆ ಯಾವಾಗ ಮುಗಿಯುತ್ತೆ ಮೇಷ್ಟ್ರೇ?” ಪ್ರಾಂಶುಪಾಲರು ಬಲು ಮೃದುವಾಗಿ ಕೇಳಿದರು.

ಮೇಷ್ಟ್ರು ತಲೆ ತಗ್ಗಿಸಿ ಗುಂಡಿ ಒತ್ತಿದರು. ಪರದೆಯಿಂದ ಅವಳ ಚೌಕ ಮಾಯವಾಯಿತು, ಉಳಿದವು ಸರಿದು ಆ ಜಾಗ ತುಂಬಿಕೊಂಡವು. ಸಂಜೆ ಮಗಳಿಗೆ ಏನು ಹೇಳುವುದು?

“ಹೋಗು, ಕೆಲಸ ನೋಡ್ಕೋ.”

ಅವಳು ಹೊರಗೆ ಹೋದಳು. ಕೋಲನ್ನು ಗೋಡೆಗೆ ಒರಗಿಸಿದಳು. ಸಮವಸ್ತ್ರದ ಮೇಲಂಗಿ ಬಿಚ್ಚಿ ಮಡಚಿ ಬಕೆಟ್ಟಿನ ಮೇಲಿಟ್ಟಳು. ತಿರುಗಿ ಒಳಗೆ ಬಂದು ಮೊದಲನೇ ಬೆಂಚಿನಲ್ಲಿ ಕೂತಳು. ಅಲ್ಲಿದ್ದ ಹುಡುಗಿ ಪುಸ್ತಕ ಸಮೇತ ತುದಿಗೆ ಸರಿದಳು.

“ಏಯ್, ಎದ್ದೇಳೇ!”

“ಇದೇ ಕಾಲೇಜಿಗೆ ಸೇರಿದೋಳು ಸಾರ್ ನಾನು. ಪರದೇಲಿ ಬೇಡ ಅಂದ್ರಿ, ಬೆಂಚಿಗೆ ಬಂದೆ.”

“ನಾಳೆಯಿಂದ ಕೆಲಸಕ್ಕೆ ಬರ್ಬೇಡ!”

“ಆಗ್ಲಿ. ಪಾಠಕ್ಕೆ ಬರ್ತೀನಿ.”

ಅವಳು ಬೆಂಚಿನಲ್ಲಿ ಇನ್ನಷ್ಟು ಒಳಕ್ಕೆ ಸರಿದು ಕೂತಳು.

“ಇವಳು ತೊಲಗೋವರೆಗೂ ಪಾಠ ನಿಲ್ಸಿ ಮೇಷ್ಟ್ರೇ!”

ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ನಿಂತರು. ಪಾಠ ನಿಂತಿತು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಯಾರೋ ಕೇಳಿದರು: “ಸಾರ್, ಏನೂ ಕೇಳಿಸ್ತಿಲ್ಲ. ನೆಟ್‌ವರ್ಕ್ ಹೋಯ್ತಾ?”

ಇನ್ನೊಂದು ದನಿ: “ನಮಗೂ ಕೇಳಿಸ್ತಿಲ್ಲ ಸಾರ್.”

ಅವಳು ಎದ್ದಳು. ಮೇಜಿನ ಮೇಲಿನ ಮೈಕಿಗೆ ಬಗ್ಗಿದಳು.

“ನೆಟ್‌ವರ್ಕ್ ಚೆನ್ನಾಗಿದೆ ಕಣ್ರಪ್ಪಾ. ನಾನು ನಲವತ್ತೊಂದು. ಈ ಕಾಲೇಜಿನ ಕಕ್ಕಸು ತೊಳ್ಯೋಳು. ಬೆಂಚಲ್ಲಿ ಕೂತೆ ಅಂತ ಪಾಠ ನಿಲ್ಸಿದಾರೆ.”

“ಮೈಕ್ ಆರಿಸ್ರೀ!” ಪ್ರಾಂಶುಪಾಲರು ಅರಚಿದರು.

ಮೇಷ್ಟ್ರ ಕೈ ಸ್ವಿಚ್ಚಿನವರೆಗೆ ಹೋಯಿತು. ಒತ್ತಲೂ ಇಲ್ಲ, ಹಿಂದಕ್ಕೂ ಬರಲಿಲ್ಲ.

ಅವಳು ಬೆಂಚಿಗೆ ಮರಳಿ ಕೂತಳು. ಬರೆದುಕೊಳ್ಳಲು ಏನೂ ಇರಲಿಲ್ಲ. “ಒಂದು ಹಾಳೆ ಕೊಡ್ತೀಯೇನವ್ವಾ?” ಎಂದು ತುದಿಗೆ ಸರಿದಿದ್ದ ಹುಡುಗಿಯನ್ನು ಕೇಳಿದಳು.

ಹುಡುಗಿ ನೋಟ್‌ಬುಕ್ಕಿನ ಮೇಲೆ ಕೈಯಿಟ್ಟುಕೊಂಡು ಪ್ರಾಂಶುಪಾಲರ ಮುಖ ನೋಡಿದಳು.